ಮಿತ್ರರ ಕೈಯಿಂದ ಬರುವ ಜಾಹೀರಾತು

ಸರಕು ಮಾರುವವನು ತನ್ನ ಸರಕನ್ನು ತಾನೇ ಹೊಗಳಿದರೆ ಕೊಳ್ಳುವವನು ಆ ಮಾತಿನಲ್ಲಿ ಅರ್ಧವನ್ನು ಕಳೆದೇ ಕೇಳುತ್ತಾನೆ. ಅದೇ ಮಾತನ್ನು ನೆರೆಮನೆಯವರು ಆಡಿದರೆ ಹಾಗೆ ಕಳೆಯುವುದಿಲ್ಲ. ಅವರಿಗೆ ಅದರಿಂದ ಲಾಭವಿಲ್ಲವೆಂಬುದೇ ನಮ್ಮ ನಂಬಿಕೆಗೆ ಆಧಾರ. ಸಾಮಾಜಿಕ ಜಾಲತಾಣಗಳಲ್ಲಿ ಮಿತ್ರರು ಹಂಚಿಕೊಳ್ಳುವ ಜಾಹೀರಾತುಗಳ ಬಲವೆಲ್ಲ ಈ ಆಧಾರದ ಮೇಲೆ ನಿಂತಿದೆ. ಅದು ಈಗಲೂ ಗಟ್ಟಿಯಾಗಿದೆಯೇ ಎಂಬುದು ವಿಚಾರಿಸತಕ್ಕ ವಿಷಯ.

ಸಂಗತಿಯೇನೋ ಹಳೆಯದು. 1945ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದ ಡಿಕೇಟರ್ ನಗರದಲ್ಲಿ ಸುಮಾರು 800 ಮಂದಿ ಸ್ತ್ರೀಯರನ್ನು ಸಂದರ್ಶಿಸಿ ಪಡೆದ ಫಲಿತಗಳನ್ನು ಎಲಿಹು ಕಾಟ್ಸ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ ಎಂಬ ವಿದ್ವಾಂಸರು 1955ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮನೆಬಳಕೆಯ ಪದಾರ್ಥಗಳ ಆಯ್ಕೆಯಲ್ಲಿ ಪತ್ರಿಕೆ, ರೇಡಿಯೋಗಳ ಪ್ರಚಾರಕ್ಕಿಂತ ಪರಿಚಿತರ ಮಾತೇ ಹೆಚ್ಚು ಫಲಕಾರಿಯೆಂದು ಅವರು ಕಂಡುಕೊಂಡರು. ಆದರೆ ಆ ಕಾಲದಲ್ಲಿ ಆಡಿದ ಮಾತು ಆಡಿದಲ್ಲಿಯೇ ಉಳಿಯುತ್ತಿತ್ತು. ವ್ಯಾಪಾರಿಯು ಅದನ್ನು ಹಿಡಿದು, ಅಳೆದು, ಮಾರುವಂತಿರಲಿಲ್ಲ.

ಅದನ್ನು ಮಾರುವ ಉಪಾಯವನ್ನು ಫೇಸ್‌ಬುಕ್ ಸಂಸ್ಥೆ 2011ರಲ್ಲಿ 'ಸ್ಪಾನ್ಸರ್ಡ್ ಸ್ಟೋರೀಸ್' ಎಂಬ ಹೆಸರಿನಿಂದ ಜಾರಿಗೆ ತಂದಿತು. ಒಬ್ಬನು ಯಾವುದೋ ಕಂಪನಿಯ ಪುಟಕ್ಕೆ 'ಲೈಕ್' ಒತ್ತಿದನೆಂದರೆ, ಅವನ ಹೆಸರು, ಭಾವಚಿತ್ರಗಳೊಡನೆ ಅದು ಅವನ ಮಿತ್ರರಿಗೆ ಜಾಹೀರಾತಾಗಿ ಕಾಣಿಸುತ್ತಿತ್ತು. ಮೆಚ್ಚಿ ಒತ್ತಿದನೋ, ರಿಯಾಯಿತಿಯ ಆಸೆಗೆ ಒತ್ತಿದನೋ, ನೋಡುವವರಿಗೆ ತಿಳಿಯುವಂತಿರಲಿಲ್ಲ. ಕೆಲವು ಬಳಕೆದಾರರು ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಪ್ರಸಿದ್ಧನಲ್ಲದವನ ಹೆಸರಿಗೂ ಅವನ ಮಿತ್ರವರ್ಗದೊಳಗೆ ಹಣದ ಬೆಲೆಯುಂಟೆಂಬ ಅವರ ವಾದವನ್ನು ನ್ಯಾಯಾಲಯವು ವಿಚಾರಣೆಗೆ ಅರ್ಹವೆಂದು ಮನ್ನಿಸಿತು. 2013ರಲ್ಲಿ 2 ಕೋಟಿ ಡಾಲರಿನ ರಾಜಿಯಾಯಿತು. ಹಕ್ಕು ಕೇಳಿದವರಿಗೆ ತಲಾ ಸುಮಾರು 15 ಡಾಲರ್. (ಸ್ನೇಹದ ಪೇಟೆಧಾರಣೆ ಇಷ್ಟೇ ಎಂದು ವಾಚಕರು ನಗಬಹುದು!) 2014ರಲ್ಲಿ ಆ ಪದ್ಧತಿ ನಿಂತಿತು. ಇದರ ನಡುವೆ 2012ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಜಾಹೀರಾತಿನೊಡನೆ ಒಬ್ಬ ಮಿತ್ರನ ಹೆಸರು ಸೇರಿದರೂ ಅದಕ್ಕೆ ಸ್ಪಂದಿಸುವವರು ಹೆಚ್ಚುವರೆಂದೂ, ಸ್ನೇಹ ನಿಕಟವಾದಷ್ಟೂ ಪರಿಣಾಮ ಹೆಚ್ಚೆಂದೂ ಕಂಡುಬಂದಿತು.

ಇನ್ನು ಲಾಭವಿಲ್ಲವೆಂಬ ನಂಬಿಕೆಯ ಮಾತು. 2017ರಲ್ಲಿ ಭಾರತದಲ್ಲಿ ಹೊರಬಂದ ಗೂಗಲ್ ಸಂಸ್ಥೆಯ 'ತೇಜ್' ಎಂಬ ಹಣಪಾವತಿ ಸಾಧನವು ಹೊಸಬರನ್ನು ಕರೆತಂದವರಿಗೆ 51 ರೂಪಾಯಿ ಕೊಡುತ್ತಿತ್ತು. ಅಂತಹ ಆಹ್ವಾನ ಕಳುಹಿಸಿದ ಮಿತ್ರನು ಮಿತ್ರನೂ ಹೌದು, ದಲ್ಲಾಳಿಯೂ ಹೌದು. ಪ್ರಭಾವಿಗಳು ಹಣ ಪಡೆದು ಹೊಗಳಿದಾಗ ಅದನ್ನು ಜಾಹೀರಾತೆಂದು ಸೂಚಿಸತಕ್ಕದ್ದೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ನಿಯಮ ಮಾಡಿದೆ. ಸೋದರಮಾವನ ವಾಟ್ಸ್‌ಆಪ್ ಸಂದೇಶದಲ್ಲಿ ಅಂತಹ ಸೂಚನೆಯನ್ನು ಯಾರು ಹುಡುಕುತ್ತಾರೆ?

ಪರಪ್ರಾಂತದಲ್ಲಿ ನೆಲೆಸಿರುವ ನಮಗೆ ಈ ತೊಡಕು ಇನ್ನೂ ಹತ್ತಿರದ್ದು. ಊರ ಕಡೆ ನಿವೇಶನ ಕೊಳ್ಳಬೇಕೆಂದರೆ ಹೋಗಿ ನೋಡಲು ಬಿಡುವಿಲ್ಲ. ಬಳಗದ ಗುಂಪಿನಲ್ಲಿ ಪರಿಚಿತರು ಹಾಕಿದ ಪ್ರಕಟಣೆಯನ್ನೇ ಅವರ ಶಿಫಾರಸೆಂದು ತಿಳಿಯುತ್ತೇವೆ. ಈಚೆಗೆ ನಮ್ಮ ಗುಂಪಿಗೆ ಇಂತಹದೊಂದು ಬಂದಿತು. ದೊಡ್ಡ ಬಡಾವಣೆಯನ್ನು ರೇರಾದಲ್ಲಿ ನೋಂದಾಯಿಸದೆ ಪ್ರಚಾರ ಮಾಡುವುದನ್ನು 2016ರ ಕಾಯಿದೆ ನಿಷೇಧಿಸುತ್ತದೆಯಾದುದರಿಂದ, ನೋಂದಣಿಯ ಸಂಖ್ಯೆಯೇನೆಂದು ಕೇಳಿದೆ. "ನನಗೂ ಯಾರೋ ಕಳುಹಿಸಿದ್ದು ಸ್ವಾಮಿ, ನಾಲ್ವರಿಗೆ ಉಪಯೋಗವಾಗಲೆಂದು ಹಾಕಿದೆ" ಎಂದರು, ಹಾಕಿದವರು. ಅಷ್ಟರಲ್ಲಿ ಇಬ್ಬರು ಮುಂಗಡ ಕಟ್ಟಿ ಆಗಿದ್ದಿತು.