ಕೆರೆಯ ಕಳೆಯೂ ಶ್ರಮದಾನದ ಕ್ರಮವೂ

ಕೆರೆಯನ್ನು ಕಟ್ಟಿಸುವುದು ಮಹಾಪುಣ್ಯವೆಂದು ನಮ್ಮ ಪೂರ್ವಿಕರು ಭಾವಿಸಿದ್ದರು. ಕಟ್ಟಿದ ಕೆರೆಯನ್ನು ಕಾಪಾಡುವುದು ಅದಕ್ಕಿಂತಲೂ ಕಠಿನವಾದ ಕಾರ್ಯ. ಏಕೆಂದರೆ ಕಟ್ಟುವ ಕೆಲಸಕ್ಕೆ ಕೊನೆಯುಂಟು, ಕಾಯುವ ಕೆಲಸಕ್ಕೆ ಕೊನೆಯಿಲ್ಲ. ಊರಿನ ತರುಣರು ಒಟ್ಟುಗೂಡಿ ಕೆರೆ ಮದಕಗಳಿಗೆ ಇಳಿದು ಕಳೆ ಕೀಳುವುದನ್ನು ಕಂಡಾಗ ಯಾರಿಗಾದರೂ ಸಂತೋಷವಾಗದಿರದು. ಆದರೆ ಒಂದು ಭಾನುವಾರ ತಿಳಿಯಾದ ನೀರು ಕೆಲವೇ ತಿಂಗಳುಗಳಲ್ಲಿ ಪುನಃ ಹಸುರು ಹೊದ್ದುಕೊಂಡರೆ, ಆ ತರುಣರೇ ‘ಮಾಡಿ ಏನು ಫಲ?’ ಎಂದು ಕೈಚೆಲ್ಲುವುದುಂಟು. ಕಳೆಯ ಸ್ವಭಾವವನ್ನು ಅರಿತು ದುಡಿದರೆ ಈ ನಿರಾಶೆಗೆ ಎಡೆಯಿರಲಾರದು. ಆ ಅರಿವಿಗೆ ನೆರವಾಗಲೆಂದು ಈ ಕೆಲವು ಮಾತುಗಳು.

ನಮ್ಮ ಜಲಾಶಯಗಳನ್ನು ಮುತ್ತುವ ಕಳೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ನಮ್ಮ ಜನ ಸಾಮಾನ್ಯವಾಗಿ ಅಂತರಗಂಗೆಯೆಂದು ಕರೆಯುವ, ಉಬ್ಬಿದ ದಂಟೂ ನಸುನೇರಿಳೆ ಹೂವೂ ಉಳ್ಳ ವಾಟರ್ ಹಯಸಿಂತ್. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಎರಡನೆಯದು ಸಾಲ್ವೀನಿಯಾ, ಕೇರಳದಲ್ಲಿ ಇದನ್ನು ‘ಆಫ್ರಿಕನ್ ಪಾಯಲ್’ ಎನ್ನುತ್ತಾರೆ. ಹೆಸರು ಆಫ್ರಿಕದ್ದಾದರೂ ಹುಟ್ಟು ಬ್ರಜಿಲ್ ದೇಶದ್ದು.

ಅಂತರಗಂಗೆಯು ಬಳ್ಳಿಯಂತಹ ಕುಡಿಗಳಿಂದಲೂ ಬೀಜದಿಂದಲೂ ವೃದ್ಧಿಯಾಗುತ್ತದೆ. ಅನುಕೂಲವಾದ ನೀರಿನಲ್ಲಿ ಸುಮಾರು ಎರಡು ವಾರಗಳಿಗೆ ಅದು ಇಮ್ಮಡಿಯಾಗಬಲ್ಲದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: 15 ದಿನಗಳಿಗೊಮ್ಮೆ ಇಮ್ಮಡಿಯಾಗುವ ಒಂದೇ ಒಂದು ಗಿಡ 150 ದಿನಗಳಲ್ಲಿ 1024 ಗಿಡಗಳಾಗುತ್ತದೆ. ಕೆರೆಯ ಕಾಲು ಭಾಗ ಮಾತ್ರ ಮುಚ್ಚಿದೆಯೆಂದು ನಾವು ಸಮಾಧಾನ ಪಟ್ಟುಕೊಂಡಿದ್ದರೆ, ಪೂರ್ಣ ಮುಚ್ಚಲು ಒಂದು ತಿಂಗಳು ಸಾಕು. ಅದರ ಬೀಜವಾದರೋ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಕಾಲ ಜೀವ ಹಿಡಿದಿರಬಲ್ಲದು. ಸಾಲ್ವೀನಿಯಾದಲ್ಲಿ ಸಂತಾನಕ್ಕೆ ಬೀಜದ ಹಂಗಿಲ್ಲ. ಆದರೆ ಮುರಿದ ತುಣುಕೊಂದು ಉಳಿದರೂ ಅದು ಹೊಸ ಗಿಡವಾಗಿ ಬೆಳೆಯುತ್ತದೆ.

ಹೀಗೆ ಹರಡಿದ ಕಳೆಯ ಕೆಳಗೆ ಬೆಳಕು ತಲಪುವುದಿಲ್ಲ, ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗುತ್ತದೆ, ಮೀನುಗಳು ನಶಿಸುತ್ತವೆ, ಸೊಳ್ಳೆಗಳಿಗೆ ಆಶ್ರಯ ದೊರೆಯುತ್ತದೆ, ತೂಬು ಕಾಲುವೆಗಳು ಕಟ್ಟಿಕೊಳ್ಳುತ್ತವೆ. ನಮ್ಮದೇ ಆದ ತಾವರೆ ನೈದಿಲೆಗಳಿಗೂ ಸ್ಥಳವಿಲ್ಲದಂತಾಗುತ್ತದೆ.

ಈ ಪೀಡೆಯೊಡನೆ ಜನರು ಹೋರಾಡಿದ ಕಥೆ ಹೊಸದಲ್ಲ. 19ನೆಯ ಶತಮಾನದ ಕೊನೆಗೆ ಅಲಂಕಾರಕ್ಕೆಂದು ವಂಗದೇಶಕ್ಕೆ ಬಂದ ಅಂತರಗಂಗೆ ಮೂರು ದಶಕಗಳೊಳಗೆ ಅಲ್ಲಿನ ನದಿ ಕಾಲುವೆಗಳನ್ನು ತುಂಬಿ, ದೋಣಿಯ ಸಂಚಾರವನ್ನೂ ಬತ್ತದ ಗದ್ದೆಗಳನ್ನೂ ಕೆಡಿಸಿತು. 1921ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಇದನ್ನು ವಿಚಾರಿಸಿತು. 1936ರಲ್ಲಿ ಶಾಸನವಾಯಿತು. 1937ರ ಚುನಾವಣೆಯಲ್ಲಿ ಪಕ್ಷಗಳು ಕಳೆಯ ನಿರ್ಮೂಲನವನ್ನೇ ಒಂದು ವಾಗ್ದಾನವನ್ನಾಗಿ ಮಾಡಿದುವು. ಅನಂತರ ಫಜಲುಲ್ ಹಕ್ಕರ ಸರಕಾರದ ಕಾಲದಲ್ಲಿ ಊರೂರಿನ ಜನ ನೀರಿಗಿಳಿದು ಕಳೆ ಕಿತ್ತರು. ತನ್ನ ಕೊಳವನ್ನು ಒಬ್ಬನು ಶುಚಿ ಮಾಡಿ ನೆರೆಯವನು ಸುಮ್ಮನಿದ್ದರೆ ಮಳೆಗಾಲದ ನೀರು ಎಲ್ಲವನ್ನೂ ಸಮ ಮಾಡುತ್ತದೆ. ಆದುದರಿಂದ ಎಲ್ಲರೂ ಒಂದೇ ಕಾಲದಲ್ಲಿ ಕೈಹಾಕಬೇಕೆಂಬುದೇ ಆ ಪ್ರಯತ್ನದಿಂದ ನಾವು ಕಲಿಯತಕ್ಕ ಪಾಠ.

ಇನ್ನೊಂದು ಉಪಾಯ ಕೀಟಗಳದು. ಕಳೆಯ ತವರಿನಲ್ಲಿ ಅದನ್ನೇ ತಿಂದು ಬಾಳುವ ಸಣ್ಣ ಸೊಂಡಿಲು ದುಂಬಿಗಳನ್ನು ಪರೀಕ್ಷಿಸಿ, 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಸಾಲ್ವೀನಿಯಾ ತುಂಬಿದ್ದ ಅಲ್ಲಿನ ಒಂದು ನೈದಿಲೆಯ ಕೊಳ ಸುಮಾರು ಒಂದು ವರ್ಷದೊಳಗೆ ತಿಳಿಯಾಯಿತು. ಅನಂತರ ಕೇರಳದಲ್ಲಿಯೂ ಈ ದುಂಬಿ ಬಹಳ ಉಪಕಾರ ಮಾಡಿತು. ಅಂತರಗಂಗೆಯ ದುಂಬಿಗಳೂ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಫಲ ತೋರಿದುವು. ಆದರೂ ಆ ನಗರದ ಕೆರೆಗಳಲ್ಲಿ ಕಳೆ ಮತ್ತೆ ಮತ್ತೆ ತಲೆಯೆತ್ತುವುದೇಕೆ? ಚರಂಡಿಯ ನೀರು ಕೆರೆ ಸೇರುತ್ತಿರುವುದರಿಂದ. ಅದರಲ್ಲಿರುವ ಸಾರಜನಕ ರಂಜಕಗಳೇ ಕಳೆಗೆ ಗೊಬ್ಬರ. ಚರಂಡಿಯನ್ನು ತಿರುಗಿಸದೆ ಕಳೆ ಕೀಳುವುದು, ಗೊಬ್ಬರ ಹಾಕುತ್ತ ಹುಲ್ಲು ಕೊಯ್ದಂತೆ.

ಇನ್ನು ಕೆಲಸದ ಕ್ರಮವನ್ನು ನೋಡೋಣ.

ಬೇಸಗೆಯಲ್ಲಿ ನೀರು ಇಳಿದಿರುವಾಗ, ಹೂ ಬಿಟ್ಟು ಬೀಜ ಕಟ್ಟುವುದಕ್ಕೆ ಮುಂಚೆ ಆರಂಭಿಸುವುದು ಲೇಸು. ಗಾಳಿಯು ಕಳೆಯನ್ನು ಒಂದು ದಡಕ್ಕೆ ಒತ್ತಿದಾಗ ತೇಲುವ ಬಿದಿರುಗಳನ್ನು ಹಗ್ಗದಿಂದ ಜೋಡಿಸಿ ತಡೆಕಟ್ಟಿದರೆ, ಅದು ಚದರದೆ ಕೈಗೆ ಸಿಕ್ಕುತ್ತದೆ. ಕಿತ್ತುದನ್ನು ದಡದಲ್ಲಿಯೇ ರಾಶಿ ಹಾಕಬಾರದು. ಮೊದಲ ಮಳೆಗೇ ಅದು ನೀರಿಗೆ ಮರಳುತ್ತದೆ. ಗಿಡದ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ ಆದುದರಿಂದ, ಮಳೆನೀರು ಕೆರೆಗೆ ಹರಿಯದ ಎತ್ತರದ ಜಾಗದಲ್ಲಿ ಒಣಗಿಸಿ, ಸೆಗಣಿ ಬೆರಸಿ ಕಾಂಪೋಸ್ಟ್ ಮಾಡಬಹುದು. ಕೊಳಚೆ ಸೇರುವ ಕೆರೆಯ ಕಳೆಯನ್ನು ದನಗಳಿಗೆ ಹಾಕಬಾರದು. ಅದು ಸೀಸ ಮೊದಲಾದ ಲೋಹವಿಷಗಳನ್ನು ಹೀರಿಕೊಂಡಿರಬಹುದು. ಕಳೆನಾಶಕ ಔಷಧಿಯ ಆಸೆಯೂ ಬೇಡ. ಸತ್ತ ಕಳೆ ಮುಳುಗಿ ಕೊಳೆತರೆ ಮೀನಿಗೆ ಉಸಿರಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಶುಚಿಯಾದ ಮೇಲಿನ ಕಾವಲು. ಹದಿನೈದು ದಿನಗಳಿಗೊಮ್ಮೆ ಇಬ್ಬರು ಕೆರೆಯ ಸುತ್ತ ನಡೆದು, ಮೊಳೆತ ಹತ್ತಿಪ್ಪತ್ತು ಗಿಡಗಳನ್ನು ತೆಗೆದರೆ ಸಾಕು. ಇನ್ನೂರು ಜನರ ಶ್ರಮದಾನ ಮುಂದೆ ಬೇಕಾಗುವುದಿಲ್ಲ.

ಸ್ವಯಂಸೇವಕರ ಕ್ಷೇಮವನ್ನೂ ಮರೆಯಬಾರದು. ಇಲಿಜ್ವರವು ಕೇರಳದಲ್ಲಿ ಪ್ರಾಣ ತೆಗೆದ ರೋಗ. ಕಾಲಿಗೆ ಗಾಯವಿದ್ದವರು ನೀರಿಗಿಳಿಯಬಾರದು. ಉಳಿದವರು ಬೂಟು ಕೈಚೀಲಗಳನ್ನು ಧರಿಸಿ, ಮೊದಲೇ ಆರೋಗ್ಯ ಕೇಂದ್ರದವರ ಸಲಹೆ ಪಡೆಯಬೇಕು. ಶಾಲೆಯ ಮಕ್ಕಳು ಎಷ್ಟೇ ಉತ್ಸಾಹಿಗಳಾದರೂ ಅವರ ಸ್ಥಾನ ದಡದ ಮೇಲೆಯೇ. ಕಳೆಯ ಬೇರುಗಳು ಕಾಲಿಗೆ ತೊಡರಿದರೆ ಈಜು ಬಲ್ಲವನೂ ಅಸಹಾಯನಾಗುತ್ತಾನೆ. ಗಿಡಗಳನ್ನು ಗುರುತಿಸುವುದು, ಲೆಕ್ಕ ಬರೆದಿಡುವುದು, ಮನೆಮನೆಗೆ ಸುದ್ದಿ ಮುಟ್ಟಿಸುವುದು ಮಕ್ಕಳ ಪಾಲಿನ ಸೇವೆ.

ಆ ಸುದ್ದಿಯಲ್ಲಿ ಇದೊಂದು ಇರಲಿ. 2020ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದ ಬಳಿ ಆವಳ ಪಾಂಡಿಯ ತೋಡು ಗುಲಾಬಿ ಬಣ್ಣದ ಹೂಗಳಿಂದ ತುಂಬಿತು. ನೋಡಲು ಬಂದ ಜನ ಚೆಲುವಿಗೆ ಮರುಳಾಗಿ ಗಿಡಗಳನ್ನು ಕಿತ್ತು ಮನೆಗೆ ಒಯ್ದರು. ಅದು ಕಬೊಂಬಾ ಎಂಬ, ಅಮೆರಿಕ ಖಂಡದಿಂದ ಬಂದ ಕಳೆ, ಸಸ್ಯಶಾಸ್ತ್ರಜ್ಞರು ಎಚ್ಚರಿಸಬೇಕಾಯಿತು. ಅಂತರಗಂಗೆ ವಂಗಕ್ಕೆ ಬಂದುದೂ ಹೂವಿನ ಆಸೆಯಿಂದಲೇ. ಗಾಜಿನ ತೊಟ್ಟಿಯ ಮೀನು ಸಾಕುವವರು ಬೇಡವಾದ ಗಿಡವನ್ನು ತೋಡಿಗೆ ಎಸೆಯದೆ ಒಣಗಿಸಿ ಸುಡಲಿ. ಅಷ್ಟು ಮಾಡಿದರೆ ಒಂದು ಕೆರೆಯನ್ನು ಕಾಪಾಡಿದ ಪುಣ್ಯ ಅವರಿಗೂ ಸಲ್ಲುತ್ತದೆ.