ಸಂಚಿಕೆಯ ಲಿಪಿ: ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿ ಉಳಿಯುತ್ತಾ?

ಇವತ್ತಿನ ಪ್ರಶ್ನೆ ಸಣ್ಣದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ಲ್ಯಾಪ್‌ಟಾಪ್ ಕೆಟ್ಟರೆ ಎಲ್ಲಿಗೆ ಹೋಗ್ತೀರಿ? ಹೊಸದನ್ನ ಫೋನ್‌ನಲ್ಲೇ ಆರ್ಡರ್ ಮಾಡೋ ನಾವು, ರಿಪೇರಿಗೆ ಮಾತ್ರ ಊರಿನ ಅಂಗಡಿ ಹುಡುಕ್ತೀವಿ. ಆ ಅಂಗಡಿ ಅಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣು.

ಮೊದಲ ಕಾರಣ ಬೆಲೆ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಕಂಪ್ಯೂಟರ್ ಮತ್ತು ಅದರ ಬಹುತೇಕ ಬಿಡಿಭಾಗಗಳ ಮೇಲಿನ ಮೂಲ ಆಮದು ಸುಂಕ ಸೊನ್ನೆಗೆ ಇಳಿಯಿತು. ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಬೇರೆ ಬೇರೆ ತಂದು ಜೋಡಿಸಿ ಮಾರೋದು ಸಣ್ಣ ಬಂಡವಾಳದವನಿಗೂ ಸಾಧ್ಯವಾಯಿತು.

ಎರಡನೇದು ಕಾಗದಪತ್ರ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು, ತಾಲೂಕು ಕಚೇರಿಯಲ್ಲಿ ಪಹಣಿ ಕಂಪ್ಯೂಟರ್‌ನಿಂದ ಸಿಗತೊಡಗಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಕನ್ನಡ ಟೈಪಿಂಗ್ ಸುಲಭವಾಯಿತು. ಆಮೇಲೆ ಫಲಿತಾಂಶ, ಸಿಇಟಿ ಅರ್ಜಿ ಎಲ್ಲಾ ಆನ್‌ಲೈನ್. 2017ರ ಜುಲೈ 1ರಿಂದ ಜಿಎಸ್‌ಟಿ. ಬನಹಟ್ಟಿಯ ಸೀರೆ ವ್ಯಾಪಾರಿಗೂ, ಮುಧೋಳದ ಗೊಬ್ಬರದ ಅಂಗಡಿಯವರಿಗೂ ಲೆಕ್ಕಕ್ಕೆ ಕಂಪ್ಯೂಟರ್ ಬೇಕಾಯಿತು. ಟೈಪಿಂಗ್, ಝೆರಾಕ್ಸ್ ಮಾಡುವಲ್ಲೇ ಮಾರಾಟ, ರಿಪೇರಿ ಸೇರಿಕೊಂಡವು.

ಹಾಗಾದರೆ ನಮ್ಮಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಬೀದಿ ಯಾಕಿಲ್ಲ? ಕೆ.ಆರ್. ಮಾರುಕಟ್ಟೆ ಹತ್ತಿರದ ಆ ಸಾದರ್ ಪತ್ರಪ್ಪ ರಸ್ತೆಯಲ್ಲಿ ಅಂಗಡಿಗೆ ಅಂಗಡಿ ಹತ್ತಿಕೊಂಡಿದೆ. ನನ್ನಲ್ಲಿ ಇಲ್ಲದ ವಸ್ತು ಪಕ್ಕದವನಲ್ಲಿ ಸಿಗುತ್ತೆ. ಗಿರಾಕಿ ಹತ್ತು ಕಡೆ ರೇಟ್ ಕೇಳಿ ಅಲ್ಲೇ ಕೊಳ್ತಾನೆ. ಹಾಗೆ ಗುಂಪಾಗೋಕೆ ದಿನಾ ಸಾವಿರಾರು ಗಿರಾಕಿ ಬೇಕು. ತಾಲೂಕು ಊರಲ್ಲಿ ಅಷ್ಟು ಜನ ಇಲ್ಲ. ಇಲ್ಲಿಂದ ಬೆಂಗಳೂರು 500 ಕಿಲೋಮೀಟರ್‌ಗೂ ದೂರ. ಸಾಮಾನು ಪಾರ್ಸಲ್‌ನಲ್ಲಿ ಬರಬೇಕು. ಹಂಗಾಗಿ ಇಲ್ಲಿನ ಅಂಗಡಿಗೆ ಕೈಕೆಲಸವೇ ಬಂಡವಾಳ.

ಆ ಕೈಕೆಲಸದ ಬೆಲೆ ಈಗ ಗೊತ್ತಾಗ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಜೊತೆಗೆ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಹಳೇ ಮಷಿನ್‌ಗೆ ಎಸ್‌ಎಸ್‌ಡಿ ಹಾಕಿದರೆ ವೇಗ ಬರುತ್ತೆ, ಆದರೆ ಈ ಅರ್ಹತೆ ಬರಲ್ಲ. ಅಂಥದ್ದಕ್ಕೆ ಲಿನಕ್ಸ್ ಹಾಕಿ ಓದಿಗೆ ಬಳಸಬಹುದು. ಇದನ್ನ ಮಷಿನ್ ನೋಡಿ ಬಿಡಿಸಿ ಹೇಳೋರು ಊರಲ್ಲಿದ್ದರೆ, ಕಾಲೇಜು ಹುಡುಗಿಯೊಬ್ಬಳಿಗೆ ಹೊಸ ಲ್ಯಾಪ್‌ಟಾಪ್‌ನ ದುಡ್ಡು ಉಳಿಯಬಹುದು. ಬರೀ ರಿಪೇರಿಯಿಂದ ಬಾಡಿಗೆ ಹುಟ್ಟೋದು ಕಷ್ಟ. ನಾವು ಮೌಸ್, ಚಾರ್ಜರ್ ಕೂಡ ಆನ್‌ಲೈನ್‌ನಲ್ಲೇ ತರಿಸಿದರೆ ಆ ಬಾಗಿಲು ಒಂದಿನ ಮುಚ್ಚುತ್ತೆ.

ಅಂಗಡಿಯವರನ್ನ ಕಣ್ಣುಮುಚ್ಚಿ ನಂಬಿ ಅಂತಲೂ ಹೇಳಲ್ಲ. ರಿಪೇರಿಗೆ ಕೊಡೋ ಮುಂಚೆ ಫೈಲ್ ಬ್ಯಾಕಪ್ ಮಾಡ್ಕೊಳ್ರಿ, ಖಾತೆಗಳಿಂದ ಲಾಗ್ಔಟ್ ಆಗ್ರಿ. ಜಿಎಸ್‌ಟಿ ಬಿಲ್ ಕೇಳ್ರಿ. ಅದರಲ್ಲಿ ಸೀರಿಯಲ್ ನಂಬರ್ ಬರೆಸ್ರಿ. ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ. ತೆಗೆದ ಹಳೇ ಭಾಗ ನಿಮ್ಮದೇ, ವಾಪಸ್ ಇಸ್ಕೊಳ್ರಿ.

ನಿಮ್ಮೂರಿನ ಅಂಗಡಿಯವರು ಉಳಿಸಿಕೊಟ್ಟ ಮಷಿನ್ ಯಾವುದು? ವಾಯ್ಸ್ ಮೆಸೇಜ್ ಕಳಿಸ್ರಿ. ಬರ್ತೀನ್ರಿ.