ಚೆಸ್ ಆಡಿದರೆ ದಿನಕ್ಕೆ 6,000 ಕ್ಯಾಲೊರಿ ಕರಗುತ್ತದೆಯೇ?

‘ಚೆಸ್ ಗ್ರ್ಯಾಂಡ್‌ಮಾಸ್ಟರ್‌ಗಳು ಕುಳಿತಲ್ಲೇ ದಿನಕ್ಕೆ 6,000 ಕ್ಯಾಲೊರಿ ಕರಗಿಸುತ್ತಾರೆ!’ ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ನನಗೆ ಕಳಿಸಿದ್ದು ಶಿರಾಳಕೊಪ್ಪದ ದೊಡ್ಡಪ್ಪ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಮೊಬೈಲ್‌ನಲ್ಲಿ ಚೆಸ್ ಹುಚ್ಚೂ ಇದೆ. ಕೆಳಗೆ ಒಂದು ಸಾಲು ಸೇರಿಸಿದ್ದರು: ‘ಇನ್ನು ವಾಕಿಂಗ್ ಬೇಡ ಬಿಡಮ್ಮ.’

2019ರಲ್ಲಿ ಇಎಸ್‌ಪಿಎನ್‌ನ ಲೇಖನವೊಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಸಪೋಲ್ಸ್ಕಿ ಅವರ ಹೆಸರಿನಲ್ಲಿ ಈ ಸಂಖ್ಯೆ ಕೊಟ್ಟಿತ್ತು. ಅಲ್ಲಿಂದ ಅದು ಎಲ್ಲೆಡೆ ಹರಡಿತು. ಆದರೆ 6,000 ಕ್ಯಾಲೊರಿ ಎಂದರೆ ಟೂರ್ ಡಿ ಫ್ರಾನ್ಸ್‌ನಲ್ಲಿ ದಿನವಿಡೀ ಬೆಟ್ಟ ಹತ್ತುವ ಸೈಕಲ್ ಸವಾರರ ಖರ್ಚು. ಸಾಮಾನ್ಯ ವಯಸ್ಕರಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 2,000ದಿಂದ 2,500. ಅದರಲ್ಲಿ ಮಿದುಳಿನ ಪಾಲು 300–400. ತಲೆ ಕೆರೆದುಕೊಂಡು ಯೋಚಿಸಿದರೂ ಅದು ಹೆಚ್ಚುವುದು ಅತ್ಯಲ್ಪ.

ಹಾಗಾದರೆ ಎದೆ ಢವಢವ ಎನ್ನುವುದು? ಅದು ನಿಜ. ಗಡಿಯಾರ ಓಡುತ್ತಿದೆ, ರಾಜ ಸಿಕ್ಕಿಬಿದ್ದಿದ್ದಾನೆ ಎಂದಾಗ ಅಡ್ರಿನಲಿನ್ ಏರಿ ಹೃದಯಬಡಿತ ಜೋರಾಗುತ್ತದೆ. ಓಡುವಾಗಲೂ ಬಡಿತ ಏರುತ್ತದೆ, ಆದರೆ ಅಲ್ಲಿ ಕಾಲಿನ ಸ್ನಾಯುಗಳು ಆಮ್ಲಜನಕ ಕೇಳುತ್ತಿರುತ್ತವೆ. ಬಡಿತ ನೋಡಿ ಕ್ಯಾಲೊರಿ ಅಂದಾಜಿಸುವ ವಾಚಿಗೆ ಈ ವ್ಯತ್ಯಾಸ ಸರಿಯಾಗಿ ತಿಳಿಯದು. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವಾಗಲೂ ನಮ್ಮ ಎದೆ ಹೊಡೆದುಕೊಂಡಿತ್ತು, ಯಾರೂ ತೆಳ್ಳಗಾಗಲಿಲ್ಲ!

ಫಾರ್ವರ್ಡ್‌ನಲ್ಲಿ ಕಾರ್ಪೊವ್ ಕಥೆಯೂ ಇದೆ. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೊವ್–ಕಾಸ್ಪರೊವ್ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. 48 ಆಟಗಳಾದರೂ ಮುಗಿಯದೆ, 1985ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಕಾರ್ಪೊವ್ ಸುಮಾರು 10 ಕೆ.ಜಿ. ಇಳಿದಿದ್ದರೆಂದು ವರದಿಗಳಿವೆ. ಲೆಕ್ಕ ಹಾಕೋಣ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. 10 ಕೆ.ಜಿ.ಗೆ 77,000. ಐದು ತಿಂಗಳಿಗೆ ಹಂಚಿದರೆ ದಿನಕ್ಕೆ ಬರೀ 500 ಚಿಲ್ಲರೆ. ಒತ್ತಡದಲ್ಲಿ ದಿನಾ ಒಂದು ಹೊತ್ತಿನ ಊಟ ಸೇರದಿದ್ದರೂ ಅಷ್ಟು ಇಳಿಯಬಹುದು. ದಿನಕ್ಕೆ 6,000 ಕರಗುವುದೇ ನಿಜವಾಗಿದ್ದರೆ ಆ ಮನುಷ್ಯ ಒಂದೇ ತಿಂಗಳಲ್ಲಿ ಅಷ್ಟು ತೂಕ ಕಳೆದುಕೊಳ್ಳಬೇಕಿತ್ತು.

ದಣಿವಂತೂ ಸುಳ್ಳಲ್ಲ. ನಮ್ಮ ಶಿವಮೊಗ್ಗದ ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿ ಅಂಥವರು ಆಡುವ ಕ್ಲಾಸಿಕಲ್ ಪಂದ್ಯ ನಾಲ್ಕೈದು ಗಂಟೆ ಎಳೆಯುವುದುಂಟು. ಅಷ್ಟು ಹೊತ್ತು ಕೂರುವ ಶಕ್ತಿಗಾಗಿಯೇ ಕಾರ್ಲ್‌ಸನ್, ಕರುವಾನಾ ಮುಂತಾದವರು ವ್ಯಾಯಾಮ ಮಾಡುತ್ತಾರೆ. ಇದೂ ಅದೇ ಇಎಸ್‌ಪಿಎನ್ ಲೇಖನದಲ್ಲಿದೆ, ಫಾರ್ವರ್ಡ್ ಮಾಡಿದವರು ಮಾತ್ರ ಬಿಟ್ಟಿದ್ದಾರೆ.

ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ, ಕುದುರೆ ನಡೆಸಿದರೆ ಆ ಕೆಲಸ ಆಗುವುದಿಲ್ಲ ಎಂದು ದೊಡ್ಡಪ್ಪನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ‘ಹೋಗ್ತೀನಿ ತಾಳು, ಈ ಗೇಮ್ ಮುಗೀಲಿ’ ಅಂದರು.